ದವಡೆಯ ಕಿಂಡಿ

ದವಡೆಗೇ ಒಬ್ಬ ಡಾಕ್ಟರ್ ಬೇರೆ ಇರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹಲ್ಲಿಗೆ ಹಲ್ಲಿನವರು, ಗಂಟಲಿಗೆ ಗಂಟಲಿನವರು, ಎಲುಬಿಗೆ ಎಲುಬಿನವರು. ಈ ಮೂವರಲ್ಲಿ ದವಡೆ ಯಾರ ಪಾಲಿಗೆ ಬರುತ್ತದೆ ಎಂದು ತಲೆ ಕೆಡಿಸಿಕೊಳ್ಳುವ ಪ್ರಸಂಗ ಯಾರಿಗೂ ಬರದಿರಲಿ. ನನಗೆ ಬಂತು. ಈಗ ಉಂಡು, ಮಾತಾಡಿ, ಒಂದಿಷ್ಟು ಬೈಯುವಷ್ಟು ಸುಧಾರಿಸಿಕೊಂಡಿದ್ದೇನೆ. ಪೂರ್ತಿ ಗುಣವಾಯಿತು ಎಂದು ಹೇಳುವ ಧೈರ್ಯ ನನಗೂ ಇಲ್ಲ, ಡಾಕ್ಟರಿಗೂ ಇಲ್ಲ. ಆದರೂ ನಮ್ಮ ಕಡೆ ಗದ್ದ ಹಿಡಿದುಕೊಂಡು, ಯಾವ ಬಾಗಿಲು ಬಡಿಯಬೇಕೆಂದು ತಿಳಿಯದೆ ಕೂತವರೊಬ್ಬರಿಗೆ ಇದು ಸಿಕ್ಕರೆ ಸಾಕೆಂದು ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ಮನೆ ಸಾಂಬ್ರಾಣಿಯಲ್ಲಿ. ಡ್ಯೂಟಿ ಹೆಚ್ಚಾಗಿ ದಾಂಡೇಲಿಯಿಂದ ಹಳಿಯಾಳದ ಮೇಲೆ ಧಾರವಾಡಕ್ಕೆ. ಬೆಳಗಿನ ಆ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಆಸ್ಪತ್ರೆಗೆ ಹೊರಟವರೇ. ತೊಡೆಯ ಮೇಲೆ ಎಕ್ಸ್‌ರೇ ಚೀಲ, ಪಕ್ಕದಲ್ಲಿ ಬುತ್ತಿ ಹಿಡಿದ ಹೆಂಡತಿಯೋ ತಮ್ಮನೋ. ಅವರನ್ನೆಲ್ಲ "ಮುಂದ ಸರೀರಿ, ಬಾಗಲಾ ಬಿಡ್ರಿ" ಎಂದು ದಿನವೂ ಒದರಾಡಿ ಒಳಗೆ ತುಂಬುವುದು ನನ್ನ ಕೆಲಸ. ಜೋಯಿಡಾ ಕಡೆಯ ಒಬ್ಬರು ಕೆಲವು ತಿಂಗಳು ಹೀಗೆ ಬರುತ್ತಿದ್ದರು. ಮುಖಕ್ಕೆ ಟವೆಲ್ ಸುತ್ತಿಕೊಂಡಿರುತ್ತಿದ್ದರು. ಎಲ್ಲಿಗೆ ಎಂದು ಕೇಳಿದರೆ ಕೈ ಮಾಡಿ ತೋರಿಸುತ್ತಿದ್ದರು. ಒಮ್ಮೆ ಟವೆಲ್ ಜಾರಿದಾಗ ನೋಡಿಬಿಟ್ಟೆ. ಕೆಳದವಡೆ ಒಂದು ಕಡೆ ಇರಲೇ ಇಲ್ಲ. ಟಿಕೆಟ್ ಕೊಟ್ಟು ಹಿಂದಿನ ಸೀಟಿಗೆ ಹೋದೆ. ಆದರೆ ಆ ಮುಖ ನನ್ನ ಜೊತೆ ಮನೆಯ ತನಕ ಬಂತು. ಆಮೇಲೆ ಕನ್ನಡಿ ನೋಡಿಕೊಳ್ಳುವ ಕಾಲ ನನಗೇ ಬಂದಾಗ, ಅದರೊಳಗೆ ಅದೇ ಮುಖ ಕಾಣುತ್ತಿತ್ತು.

ಶುರುವಾದದ್ದು ಎಡಗಡೆಯ ಕೊನೆಯ ಹಲ್ಲಿನಿಂದ. ನಲವತ್ತು ದಾಟಿದವನಿಗೆ ಹಲ್ಲು ಅಲ್ಲಾಡುವುದೇನು ದೊಡ್ಡ ಸುದ್ದಿಯಲ್ಲ. ಹಳಿಯಾಳದ ಹಲ್ಲಿನ ಡಾಕ್ಟರು ತೆಗೆದರು. ಹಲ್ಲು ಹೋಯಿತು, ಬಾವು ಹೋಗಲಿಲ್ಲ. ನೋವು ಇಲ್ಲ, ಏನಿಲ್ಲ; ಸುಮ್ಮನೆ ಒಂದು ಕಡೆ ಗಲ್ಲ ತುಂಬಿಕೊಂಡು ಕೂತಿತ್ತು. ಅವ್ವ ನೋಡಿದವಳೇ, "ಮಂಗನಬಾವು ಆಗೇತಿ ತಮ್ಮಾ, ಸಣ್ಣಾವಿದ್ದಾಗ ನಿನಗ ಬಂದೇ ಇರಲಿಲ್ಲ" ಎಂದು ಕೆಮ್ಮಣ್ಣು ಅರೆದು ಬಳಿದಳು. ಹಚ್ಚಿದ್ದು ಒಣಗಿ ಉದುರಿ ಖಾಕಿ ಅಂಗಿಯ ಮೇಲೆಲ್ಲ ಬೀಳುತ್ತಿತ್ತು. ಡ್ರೈವರ್ ನಗುತ್ತಿದ್ದ. ನಾನೂ ನಗುತ್ತಿದ್ದೆ. ಒಂದು ದಿನ ಚಹಾ ಕುಡಿಯುವಾಗ ತುಟಿಯ ಎಡತುದಿಯಿಂದ ಸೋರಿ ಅಂಗಿಯೆಲ್ಲ ಒದ್ದೆಯಾದದ್ದು ನನಗೆ ಗೊತ್ತೇ ಆಗಲಿಲ್ಲ. ತುಟಿ ಅಲ್ಲಿ ಸತ್ತಿತ್ತು. ಅವತ್ತು ನಗು ನಿಂತಿತು.

ಆಮೇಲಿನದು ಬರೀ ಅಲೆದಾಟ. ಧಾರವಾಡದಲ್ಲಿ ಕಿವಿ-ಮೂಗು-ಗಂಟಲಿನವರ ಮುಂದೆ ಮಧ್ಯಾಹ್ನದ ತನಕ ಕೂತೆ. ಅವರು ನಾಲಿಗೆ ಒತ್ತಿ ನೋಡಿ, "ಗಂಟಲಾ ಚಲೋ ಐತಿ, ಹಲ್ಲಿನವರಿಗೆ ತೋರಸ್ರಿ" ಅಂದರು. ಹುಬ್ಬಳ್ಳಿಯಲ್ಲಿ ಎಲುಬಿನವರ ಹತ್ತಿರ ಹೋದೆ. ಅಲ್ಲಿ ಪಾಳಿಯಲ್ಲಿ ಕೂತವರೆಲ್ಲ ಕೈಗೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರು. ಗಲ್ಲ ಹಿಡಿದುಕೊಂಡ ನಾನೊಬ್ಬನೇ ದಾರಿ ತಪ್ಪಿ ಬಂದವನ ಹಾಗೆ ಕಾಣುತ್ತಿದ್ದೆ. ಬಸ್ಸಿನಲ್ಲಂತೂ ಕೇಳುವುದೇ ಬೇಡ. ಯಾರೋ ತೇರಗಾಂವದ ನಾಟಿ ಔಷಧ ಹೇಳಿದರು, ಯಾರೋ ಬೆಳಗಾವಿಯ ಡಾಕ್ಟರ್ ಹೆಸರು ಕೊಟ್ಟರು. ಹಿಂದಿನ ಸೀಟಿನ ಒಬ್ಬಾಕೆ ನನ್ನ ಗಲ್ಲವನ್ನೇ ನೋಡಿ, "ನಮ್ಮ ಕಾಕಾಗೂ ಹಿಂಗ ಇತ್ತರಿ" ಎಂದು ಶುರು ಮಾಡಿ, ಕಾಕಾನ ಗತಿ ಏನಾಯಿತೆಂದು ಹೇಳದೆ ಹಳಿಯಾಳದಲ್ಲಿ ಇಳಿದುಹೋದರು. ಎಂಥ ಹೆಂಗಸು! ಆ ಕಾಕಾನನ್ನು ನೆನೆಸಿಕೊಂಡು ಎಷ್ಟು ದಿನ ಒದ್ದಾಡಿದೆನೋ.

ಕೊನೆಗೆ ದಾರಿ ತೋರಿಸಿದವರು ಹಲ್ಲು ತೆಗೆದ ಹಳಿಯಾಳದ ಡಾಕ್ಟರೇ. ಮುಖದ ಸುತ್ತ ತಿರುಗಿ ತೆಗೆಯುವ ಎಕ್ಸ್‌ರೇ ಮಾಡಿಸಿಕೊಂಡು ಬಾ ಎಂದಿದ್ದರು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದು ನನ್ನ ಕೈಯಾಗಿಂದಲ್ಲ. ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಬೇಕು, ದವಡಿ ಡಾಕ್ಟರು" ಅಂದರು. ಮುಂಬೈಗೇ ಕಳಿಸುತ್ತಾರೆ ಅಂದುಕೊಂಡೆ. "ದೂರ ಹೋಗಬ್ಯಾಡ್ರಿ. ದಾಂಡೇಲಿಗೇ ವಾರಕ್ಕೊಮ್ಮೆ ಬರ್ತಾರ" ಎಂದು ಕ್ಲಿನಿಕ್ಕಿನ ಗುರುತು ಹೇಳಿದರು. ಅದು ಬಸ್ ನಿಲ್ದಾಣದ ಎದುರಿಗೇ ಇರುವ ಕ್ಲಿನಿಕ್ಕು. ಅದರ ಬೋರ್ಡಿನ ತಳದಲ್ಲಿ ಆ ಉದ್ದ ಪದವನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಅದು ಆ ಕ್ಲಿನಿಕ್ಕಿನವರ ಡಿಗ್ರಿ ಅಂದುಕೊಂಡಿದ್ದೆ. ಅಂಥ ಪದವನ್ನು ಯಾರಾದರೂ ಪೂರ್ತಿ ಓದುತ್ತಾರೆಯೇ?

ಆ ದವಡೆಯ ಡಾಕ್ಟರು ಹೆಂಗಸು, ವಯಸ್ಸಿನಲ್ಲಿ ನನಗಿಂತ ಸಣ್ಣವರು. ಮಾತು ಕಡಿಮೆ. ಕೈಗವಸು ಹಾಕಿ ದವಡೆಯನ್ನು ಒಳಗಿಂದ ಹೊರಗಿಂದ ಒತ್ತಿ ನೋಡಿ, ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಅದರ ಉತ್ತರ ಬರುವ ತನಕದ ದಿನಗಳ ಬಗ್ಗೆ ಬರೆಯಲು ನನಗೆ ಶಕ್ತಿಯಿಲ್ಲ. ಮನೆಯಲ್ಲಿ ಕ್ಯಾನ್ಸರ್ ಎಂಬ ಪದವನ್ನು ಯಾರೂ ಬಾಯಲ್ಲಿ ಹೇಳಲಿಲ್ಲ. ನನ್ನ ಹೆಂಡತಿ ಸುನಂದಾ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು, ನಾವೆಲ್ಲ ಸುಮ್ಮನೆ ಉಣ್ಣುತ್ತಿದ್ದೆವು.

ಕ್ಯಾನ್ಸರ್ ಅಲ್ಲ ಅಂತ ಬಂತು. ಸುನಂದಾ ಅಲ್ಲೇ ಅತ್ತುಬಿಟ್ಟಳು. ಡಾಕ್ಟರ್ ಮಾತ್ರ ಇನ್ನೂ ನಗಲಿಲ್ಲ. "ಎಲುಬಿನೊಳಗ ನೀರಿನ ಚೀಲದ ಗತೆ ಬೆಳದೈತಿ. ಬೆಳದು ಬೆಳದು ದವಡಿ ಟೊಳ್ಳು ಮಾಡೈತಿ. ಗಟ್ಟಿ ರೊಟ್ಟಿ ಕಡದ್ರೂ ಮುರೀಬಹುದು" ಎಂದರು. ದಾರಿ ಎರಡಿದ್ದವು. ಒಂದು, ಆ ಭಾಗವನ್ನೇ ಕತ್ತರಿಸಿ ತೆಗೆದು ಲೋಹದ ಪಟ್ಟಿ ಕೂಡಿಸುವುದು. ಜೋಯಿಡಾದವರ ಟವೆಲ್ ನನ್ನ ಕಣ್ಣ ಮುಂದೆ ಬಂತು. ಇನ್ನೊಂದು, ಬಾಯಿಯೊಳಗಿಂದ ಆ ಚೀಲಕ್ಕೆ ಒಂದು ಕಿಂಡಿ ಕೊರೆದು, ಅದನ್ನು ಮುಚ್ಚಲು ಬಿಡದೆ, ಬೆಳಿಗ್ಗೆ ಸಂಜೆ ಸಿರಿಂಜಿನಿಂದ ಉಪ್ಪುನೀರು ಹಾಕಿ ತೊಳೆಯುವುದು. ಹಾಗೆ ತಿಂಗಳುಗಟ್ಟಲೆ ತೊಳೆದರೆ ಚೀಲ ಸಣ್ಣದಾಗಿ ಎಲುಬು ತಾನೇ ತುಂಬಿಕೊಳ್ಳುತ್ತದಂತೆ.

"ತೊಳಿಯೋದು ತಪ್ಪಿಸಿದ್ರ ಕೀವು ಆಗ್ತೈತಿ. ಆಗ ಮತ್ತ ಕತ್ತರಿಸೋದ ಒಂದ ದಾರಿ. ಜಾಗಾ ಬಾಳ ಹಿಂದೈತಿ, ನಿಮಗ ನೀವ ತೊಳಕೊಳ್ಳಾಕ ಆಗೂದಿಲ್ಲ. ಮನ್ಯಾಗ ತೊಳಿಯೋರು ಯಾರದಾರ?" ಎಂದು ಕೇಳಿದರು.

"ಮನಿ ತುಂಬ ಮಂದಿ ಅದಾರ್ರೀ ಮೇಡಂ" ಅಂದೆ ನಾನು ಎದೆ ಸೆಟೆಸಿ.

ಧಾರವಾಡದ ಆಸ್ಪತ್ರೆಯಲ್ಲಿ ಕಿಂಡಿ ಕೊರೆದು ಮನೆಗೆ ಕಳಿಸಿದ ಮೇಲೆ ಗೊತ್ತಾಯಿತು, ಮನೆ ತುಂಬ ಇದ್ದ ಮಂದಿಯ ಹಣೆಬರಹ. ಸುನಂದಾ ಸಿರಿಂಜು ಹಿಡಿದು ಬಾಯೊಳಗೆ ಬಗ್ಗಿ ನೋಡಿದವಳು ಆ ಗುಂಡಿಯನ್ನು ಕಂಡದ್ದೇ ತಡ, ನೆಲಕ್ಕೆ ಕುಸಿದಳು. ಅವಳಿಗೆ ನೀರು ಚಿಮುಕಿಸುವುದೇ ನನ್ನ ಚಿಕಿತ್ಸೆಯಾಯಿತು. ಅವ್ವನಿಗೆ ಕಣ್ಣು ಮಂಜು. ತಮ್ಮ ಮಾರುತಿ ದಾಂಡೇಲಿಯಲ್ಲಿ ಲಾರಿ ಓಡಿಸುವವನು. ಜೀವ ಕೊಡುವಂಥ ತಮ್ಮ, ಆದರೆ ಕೈ ಲಾರಿಯದೇ. ಅವನು ಒಮ್ಮೆ ತೊಳೆದದ್ದಕ್ಕೆ ಕಣ್ಣಲ್ಲಿ ನೀರು ಬಂದು ಗೋಡೆ ಹಿಡಿದು ನಿಂತೆ.

ಉಳಿದವಳು ರೇಣುಕಾ, ಮಾರುತಿಯ ಹೆಂಡತಿ. ಊರ ಹೆಂಗಸರ ಜಂಪರ್, ರವಿಕೆ ಹೊಲಿಯುವವಳು. ಬೆರಳು ಸಣ್ಣ, ಕೈ ನಡುಗುವುದಿಲ್ಲ. ಆದರೆ ನಾನು ಅವಳ ಗಂಡನ ಅಣ್ಣ, ಅಂದರೆ ಭಾವ. ನಮ್ಮ ಮನೆಯಲ್ಲಿ ಸೊಸೆಯಂದಿರು ಭಾವನ ಎದುರಿಗೆ ಬರುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾರೆ, ಎದುರುಬದುರು ಮಾತಾಡುವುದಿಲ್ಲ. ರೇಣುಕಾ ಈ ಮನೆಗೆ ಬಂದು ಹತ್ತು ವರ್ಷದ ಮೇಲಾಗಿತ್ತು. ಒಂದು ದಿನವೂ ನನ್ನೊಂದಿಗೆ ಮಾತಾಡಿರಲಿಲ್ಲ. ನಾನು ಅದೇ ಖೋಲಿಯಲ್ಲಿ ಕೂತಿದ್ದರೂ, "ಅಕ್ಕಾ, ಭಾವಾರಿಗೆ ಕೇಳ್ರಿ, ಚಾ ಇಡ್ಲೇನು?" ಎಂದು ಸುನಂದಾಳನ್ನು ಕೇಳುವವಳು. ನಾನು ಇಡು ಅಂದರೆ, ಕಿವಿಗೆ ಬಿದ್ದರೂ ಸುನಂದಾ ಮತ್ತೊಮ್ಮೆ "ಇಡವಾ" ಅನ್ನುವ ತನಕ ಒಲೆ ಹೊತ್ತುತ್ತಿರಲಿಲ್ಲ. ಇದು ಸರಿಯೋ ತಪ್ಪೋ ಎಂದು ನಾವು ಯಾರೂ ಕೇಳಿಕೊಂಡವರಲ್ಲ. ಮನೆ ಹಾಗೇ ನಡೆಯುತ್ತಿತ್ತು.

ಅಂಥವಳು ಭಾವನ ಬಾಯೊಳಗೆ ಕೈ ಹಾಕಬೇಕು. ಸುನಂದಾ ಕೇಳಿದಾಗ ಅವ್ವ ಸಿಡಿದಳು. "ಭಾವನ ಬಾಯಾಗ ಸೊಸಿ ಕೈ? ಊರಾಗ ಮಂದಿ ಏನಂದಾರು?"

"ಊರ ಮಂದಿ ಬಂದು ತೊಳಿತಾರೇನ್ರಿ ಅತ್ತಿ?" ಅಂದಳು ಸುನಂದಾ.

ಅವ್ವ ಗೋಡೆ ಕಡೆಗೆ ಮುಖ ಮಾಡಿ ಕೂತಳು. ಅದನ್ನೇ ನಾವು ಒಪ್ಪಿಗೆ ಅಂದುಕೊಂಡೆವು.

ಮೊದಲ ದಿನದ ಆ ನಾಟಕ ನೆನೆಸಿಕೊಂಡರೆ ಈಗ ನಗು ಬರುತ್ತದೆ. ಅವತ್ತು ಸಾಯುವಷ್ಟು ನಾಚಿಕೆಯಾಗಿತ್ತು. ಪಡಸಾಲೆಯ ಕುರ್ಚಿಯ ಮೇಲೆ ನಾನು ಬಾಯಿ ತೆರೆದು ಕೂತಿದ್ದೇನೆ. ಸುನಂದಾ ಮೊಬೈಲಿನ ಟಾರ್ಚ್ ಹಚ್ಚಿ ಹಿಡಿದಿದ್ದಾಳೆ, ಆದರೆ ಕಣ್ಣು ಮುಚ್ಚಿಕೊಂಡು. ಬೆಳಕು ಒಮ್ಮೆ ನನ್ನ ಮೂಗಿಗೆ, ಒಮ್ಮೆ ಜಂತಿಗೆ. ರೇಣುಕಾ ಮೂಗಿನ ತನಕ ಸೆರಗು ಎಳೆದುಕೊಂಡು ಪಕ್ಕಕ್ಕೆ ತಿರುಗಿ ನಿಂತಿದ್ದಾಳೆ. ಬಾಯೊಳಗಿನ ಕಿಂಡಿ ಅವಳಿಗೆ ಕಾಣುವುದಾದರೂ ಹೇಗೆ? ನೀರು ನನ್ನ ಕಿವಿಯೊಳಗೆ ಹೋಯಿತು. ಎರಡನೆಯ ಸಲ ಬಗ್ಗಿದಾಗ ಸೆರಗೇ ಜಾರಿ ನನ್ನ ಮುಖದ ಮೇಲೆ ಬಿತ್ತು. ಅವಳ ಎರಡೂ ಕೈಯಲ್ಲಿ ಸಾಮಾನು. ಆಗ ಸುನಂದಾ ಕಣ್ಣು ತೆರೆದು, ಮೊಬೈಲನ್ನು ನನ್ನ ಕೈಗೆ ಕೊಟ್ಟು, ಆ ಸೆರಗನ್ನು ಎತ್ತಿ ರೇಣುಕಾಳ ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ನನ್ನಿಂದ ಆಗುವ ಮರ್ಯಾದೆ ಅಷ್ಟೇ ಇತ್ತು.

"ಅಕ್ಕಾ, ಇನ್ನ ಸ್ವಲ್ಪ ಬಾಯಿ ತೆರೀಲಿಕ್ಕೆ ಹೇಳ್ರಿ" ಅಂದಳು ರೇಣುಕಾ. ಅವಳ ಬೆರಳು ನನ್ನ ಗಲ್ಲದೊಳಗಿದೆ.

"ಇನ್ನ ಸ್ವಲ್ಪ ತೆರೀಬೇಕಂತರಿ" ಅಂದಳು ಸುನಂದಾ.

ನಾನು ತೆರೆದೆ.

"ನೋಯ್ತೈತೇನು ಕೇಳ್ರಿ."

"ನೋಯ್ತೈತೇನ್ರಿ?"

"ಆಂ" ಅಂದೆ. ಬಾಯಿಯಲ್ಲಿ ಸಿರಿಂಜಿನ ನಳಿಕೆ ಇಟ್ಟುಕೊಂಡು ಮತ್ತೇನು ಹೇಳಲಿ!

ಹೀಗೆ ವಾರಗಟ್ಟಲೆ ನಡೆಯಿತು. ಕಿಂಡಿಯಿಂದ ಬರುವ ನೀರು ಕೆಟ್ಟ ನಾತ ಹೊಡೆಯುತ್ತಿತ್ತು. ನನಗೇ ವಾಕರಿಕೆ ಬರುತ್ತಿತ್ತು. ಬೇರೆಯವರ ಎಂಜಲಿನ ಲೋಟವನ್ನೂ ಮುಟ್ಟದ ಮನೆಯಲ್ಲಿ ಬೆಳೆದ ಹುಡುಗಿ ಅದು. ತೊಳೆದ ನೀರಿನ ಬೋಗುಣಿಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಮೂಗು ಮುರಿದದ್ದನ್ನು ನಾನು ನೋಡಲಿಲ್ಲ. ನಾನು ಮಾತ್ರ ದಿನದಿಂದ ದಿನಕ್ಕೆ ಸೋತು ಹೋದೆ. ಮೆತ್ತನ್ನ ಅನ್ನ, ಗಂಜಿ, ಅಂಬಲಿ, ಮತ್ತೆ ಮೆತ್ತನ್ನ ಅನ್ನ. ಡ್ಯೂಟಿ ಇಲ್ಲ. ಮನೆಯ ಮುಂದೆ ನಮ್ಮದೇ ಬಸ್ಸು ಹೋಗುವಾಗ ಬೇರೆ ಕಂಡಕ್ಟರನ ಸೀಟಿ ಕೇಳಿ ಒಳಗೆ ಎದ್ದು ಹೋಗುತ್ತಿದ್ದೆ. ಈ ಕಿಂಡಿ ಮುಚ್ಚುವುದು ಯಾವಾಗ, ಎಲುಬು ತುಂಬುವುದು ಯಾವಾಗ? ಕತ್ತರಿಸಿ ಎಸೆದಿದ್ದರೇ ವಾಸಿಯಿತ್ತು ಅನ್ನಿಸಿದ ದಿನಗಳೂ ಇದ್ದವು. ರೋಗಕ್ಕಿಂತ ರೋಗದ ದಿನಚರಿಯೇ ಮನುಷ್ಯನನ್ನು ಹಣ್ಣು ಮಾಡುತ್ತದೆ.

ಆ ಹೊತ್ತಿಗೆ ರೇಣುಕಾಳ ತವರಿನಲ್ಲಿ, ಮುಂಡಗೋಡ ಹತ್ತಿರದ ಹಳ್ಳಿಯಲ್ಲಿ, ಅವಳ ತಂಗಿಯ ಬಾಣಂತನ ಬಂತು. ಹೋಗಲೇಬೇಕು. ಹೋಗಬೇಡ ಎನ್ನಲು ನನಗೆ ಯಾವ ಬಾಯಿ? ಮಾರುತಿ ಲಾರಿಗೆ ಹೊರಡುವ ಗಡಿಬಿಡಿಯಲ್ಲಿ ಒಂದಿಷ್ಟು ನೀರು ಚಿಮ್ಮಿಸಿ ಹೋಗುತ್ತಿದ್ದ. ಸಂಜೆ ನಾನೇ ಕನ್ನಡಿ ಹಿಡಿದು ಅಂದಾಜಿನ ಮೇಲೆ ತೊಳೆಯುತ್ತಿದ್ದೆ. ಒಂದು ದಿನ ಚಳಿಜ್ವರ ಬಂತು. ಗಲ್ಲ ಕೆಂಪಾಗಿ ಊದಿಕೊಂಡಿತು. ಬಾಯಿ ಒಂದು ಬೆರಳಷ್ಟೂ ತೆರೆಯದಾಯಿತು.

ದಾಂಡೇಲಿಯ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಒಳಗಿಂದ ಒಂದು ಅನ್ನದ ಅಗುಳು ತೆಗೆದು ಬಟ್ಟಲಿಗೆ ಹಾಕಿದರು. "ಒಂದ ಅಗಳು ಇಷ್ಟು ಮಾಡೈತಿ ನೋಡ್ರಿ. ಈ ಸಲ ಔಷಧದ ಮ್ಯಾಲೆ ನಿಲ್ಲಸ್ತೇನಿ. ಇನ್ನೊಮ್ಮೆ ಹಿಂಗಾತಂದ್ರ ನಾ ದವಡಿ ಉಳಸಾಕ ನೋಡೂದಿಲ್ಲ, ನಿಮ್ಮನ್ನ ಉಳಸಾಕ ನೋಡ್ತೇನಿ" ಅಂದರು.

ಸುನಂದಾ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದಳು. ಯಾರಿಗೆಂದು ನಾನು ಕೇಳಲಿಲ್ಲ. ಮರುದಿನ ಮಧ್ಯಾಹ್ನ ಬಸ್ಸಿಳಿದು ರೇಣುಕಾ ಬಂದಳು. ಚೀಲ ಕೆಳಗಿಟ್ಟು ಕೈ ತೊಳೆದುಕೊಂಡು, ಸೆರಗನ್ನು ತಾನೇ ಸೊಂಟಕ್ಕೆ ಸಿಕ್ಕಿಸಿ, ನನ್ನ ಕುರ್ಚಿಯ ಮುಂದೆ ನಿಂತಳು. ಸುನಂದಾ ಅಡುಗೆಮನೆಯಲ್ಲಿದ್ದಳು.

"ಬಾಯಿ ತೆರೀರಿ ಭಾವಾರ" ಅಂದಳು.

ನಾನು ಸುತ್ತ ನೋಡಿದೆ. ನಡುವೆ ಯಾರೂ ಇರಲಿಲ್ಲ.

"ಅನ್ನ ಉಂಡ ಮ್ಯಾಲೆ ತೊಳಕೋಬೇಕಂತ ಗೊತ್ತಾಗೂದಿಲ್ಲೇನ್ರಿ? ಸಣ್ಣ ಹುಡುಗರೇನು ನೀವು? ತಂಗಿ ಕೂಸಿನ್ನ ಬಿಟ್ಟ ಬಂದೇನಿ ನಾ ಅಲ್ಲೆ. ಸುಮ್ನ ತೆರೀರಿ."

ಅವ್ವ ಗೋಡೆ ಕಡೆಯಿಂದ ತಿರುಗಿ ನೋಡಿದಳು. ಎದ್ದು ಹೋಗಿ ಬಿಸಿ ಮಾಡಿದ ಉಪ್ಪುನೀರು ತಂದಿಟ್ಟಳು.

ಅಂದಿನಿಂದ ರೇಣುಕಾ ತೊಳೆಯುವಾಗ ಮಾತಾಡುತ್ತಿದ್ದಳು. ಹತ್ತು ವರ್ಷ ಕಟ್ಟಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಜಂಪರಿನ ತೋಳು ಸಣ್ಣ ಮಾಡಿದೆ ಎಂದು ಜಗಳ ತೆಗೆದ ಗಿರಾಕಿ, ತಂಗಿಯ ಕೂಸಿನ ತಲೆತುಂಬ ಇರುವ ಕೂದಲು, ಮಾರುತಿ ಲಾರಿಯಲ್ಲಿ ಹಾಡುವ ಹಾಡು. "ಬಸ್ಸಿನ್ಯಾಗ ಬಾಳ ಚಾಷ್ಟಿ ಮಾಡಿ ನಗಸ್ತಾರಂತ ಭಾವಾರು, ಮಂದಿ ಹೇಳ್ತಾರ. ಮನ್ಯಾಗ ಮಾರಿ ಗಂಟ ಹಾಕ್ಕೊಂಡ ಕುಂದರ್ತೀರಲ್ಲ, ನನ್ನ ಮ್ಯಾಲೆ ನಿಮಗ ಸಿಟ್ಟ ಐತೇನೋ ಅಂತ ತಿಳಕೊಂಡಿದ್ದೆ" ಎಂದಳು ಒಮ್ಮೆ. ಬಾಯಿಯ ಮೇಲೆ ಬದುಕಿದ ನಾನು ತೆರೆದ ಬಾಯಿಂದ ಒಂದು ಮಾತೂ ಆಡಲಾರದೆ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ದಿನದಲ್ಲಿ ನಾನು ದಣಿವು ಮರೆಯುತ್ತಿದ್ದದ್ದು ಆ ಎರಡು ಹೊತ್ತಿನಲ್ಲೇ.

ಮಳೆಗಾಲ ಕಳೆದು, ಚಳಿ ಕಳೆದು, ಮುಂದಿನ ಬೇಸಿಗೆ ಬಂತು. ಹೊಸ ಎಕ್ಸ್‌ರೇಯಲ್ಲಿ ಕಪ್ಪಗಿದ್ದ ಜಾಗ ಬೆಳ್ಳಗಾಗುತ್ತ ಬಂದಿತ್ತು. ಉಳಿದ ಸಣ್ಣ ಚೀಲವನ್ನು ಧಾರವಾಡದಲ್ಲಿ ಇನ್ನೊಮ್ಮೆ ಮಲಗಿಸಿ ಕೆರೆದು ತೆಗೆದರು. ಕಿಂಡಿ ಮುಚ್ಚಿತು. ದವಡೆ ನನ್ನದಾಗಿಯೇ ಉಳಿಯಿತು. ತುಟಿಯ ತುದಿ ಇನ್ನೂ ಅರ್ಧ ಸತ್ತಿದೆ, ಅದಿರಲಿ.

ಹೊಲಿಗೆ ತೆಗೆದ ದಿನ ಡಾಕ್ಟರ್ ಕೊನೆಗೂ ನಕ್ಕರು. ನಕ್ಕ ಮೇಲೆ ಹೇಳಿದರು: "ಇದು ಹಟಮಾರಿ ಜಾತಿದು. ಹೋದ ಜಾಗಾಕ್ಕ ಮತ್ತ ಬರೂದುಂಟು. ವರ್ಷಕ್ಕೊಮ್ಮೆ ಎಕ್ಸ್‌ರೇ ತಗೀಬೇಕು, ಬಾಳ ವರ್ಷ." ನಾನು ತಲೆಯಾಡಿಸಿದೆ. ಬಸ್ಸಿನಲ್ಲಿ ಸಾಂಬ್ರಾಣಿಯ ತನಕ ಸುನಂದಾ ಏನೇನೋ ಖುಷಿಯಿಂದ ಹೇಳುತ್ತಿದ್ದಳು. ನನ್ನ ಕಿವಿಯಲ್ಲಿ "ಮತ್ತ ಬರೂದುಂಟು" ಅನ್ನುವುದೊಂದೇ ತಿರುಗುತ್ತಿತ್ತು. ಮತ್ತೆ ಆ ಪಾಳಿ, ಆ ಗಂಜಿ, ಆ ನಾತ. ಇನ್ನೊಮ್ಮೆ ಅಷ್ಟು ದೂರ ನಡೆಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಮನೆ ಹಳೆಯ ಹಾದಿಗೆ ಬಿತ್ತು. ತೊಳೆಯುವುದಿಲ್ಲ ಅಂದ ಮೇಲೆ ರೇಣುಕಾಗೆ ನನ್ನ ಎದುರಿಗೆ ಬರುವ ಕಾರಣವೂ ಇಲ್ಲ. ಸೆರಗು ಮತ್ತೆ ತಲೆಗೆ ಏರಿತು. "ಅಕ್ಕಾ, ಭಾವಾರಿಗೆ ಕೇಳ್ರಿ" ಮತ್ತೆ ಶುರುವಾಯಿತು. ಇಷ್ಟೇ ಅಂತ ನನಗೂ ಗೊತ್ತಿತ್ತು. ಆದರೂ ಸಂಜೆಯ ಹೊತ್ತು ಕುರ್ಚಿಯಲ್ಲಿ ಕೂತಾಗ ಮನೆ ಬಿಕೋ ಅನ್ನುತ್ತಿತ್ತು.

ಅಂಥ ಒಂದು ಸಂಜೆ ಮಾರುತಿ ಬಂದು, "ಅಣ್ಣಾ, ಮುಗೀತಲ್ಲ ಅಂತೂ!" ಎಂದ. ನನಗೆ ತಡೆಯಲಾಗಲಿಲ್ಲ. "ಎಲ್ಲಿ ಮುಗೀತೋ? ಮತ್ತ ಬರಬಹುದಂತ. ಬಂದ್ರ ನನ್ನ ಕಡಿಂದ ಆಗೂದಿಲ್ಲಪಾ ಇನ್ನ. ಕತ್ತರಿಸಿ ಒಗೀಲಿ ಆವಾಗ" ಅಂದೆ. ಸುನಂದಾ ಮುಖ ತಗ್ಗಿಸಿದಳು.

ಒಳಗೆ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. ರೇಣುಕಾ ಹೊಸ್ತಿಲಿಗೆ ಬಂದು ನಿಂತಳು. ಸೆರಗು ತಲೆಯ ಮೇಲೇ ಇತ್ತು. ಅವ್ವ ಅಲ್ಲೇ ಕೂತಿದ್ದಳು, ಗಂಡ ಅಲ್ಲೇ ನಿಂತಿದ್ದ. ಅವರಾರನ್ನೂ ನೋಡದೆ ಅವಳು ನನ್ನನ್ನೇ ನೋಡಿ ಹೇಳಿದಳು.

"ಬಂದ್ರ ಬರಲಿ ಬಿಡ್ರಿ ಭಾವಾರ. ಮತ್ತ ತೊಳಿಯೂಣು."

ಬಾಯಿಯಲ್ಲಿ ಬೆರಳಿರಲಿಲ್ಲ, ನಳಿಕೆ ಇರಲಿಲ್ಲ. ಆದರೂ ನಾನು "ಆಂ" ಅಂದೆ.